ಮೂರು ಮೋಟಾರು ಒಂದೇ ದಿನ ಸಾಯುತ್ತವೆಯೇ?



ಕಳೆದ ಸಲ ಮಿಕ್ಸಿಯ ಜಾರಿನಿಂದ ನೀರು ಸೋರುವ ವಿಷಯ ಬರೆದಿದ್ದೆವು. ಅದನ್ನು ಓದಿದ ಕೆಲವರು ಎದುರು ಸಿಕ್ಕಾಗ, "ನಿಮ್ಮ ಮನೆಯಲ್ಲಿ ಕೆಡದೆ ಉಳಿದ ವಸ್ತು ಯಾವುದಾದರೂ ಇದೆಯಾ?" ಎಂದು ತಮಾಷೆ ಮಾಡಿದರು. ಇದ್ದೀತು, ಆದರೆ ಈ ತಿಂಗಳೂ ಕೆಟ್ಟದ್ದರ ಕಥೆಯೇ. ಈ ಸಲ ಕಾರಿನ ಸರದಿ. ಎಂಜಿನ್ ಅಲ್ಲ, ಬ್ರೇಕ್ ಅಲ್ಲ, ಡ್ರೈವರ್ ಕೂರುವ ಸೀಟು.

ನಮ್ಮ ಕಾರು 2006ರದ್ದು. ಊರು ಬಿಟ್ಟು ಹೋಗುವಾಗ ಅಣ್ಣ ನಮಗೆ ಕೊಟ್ಟುಹೋದದ್ದು. ಆ ಕಾಲಕ್ಕೆ ಅದು ದೊಡ್ಡ ಕಾರು. ಅದರ ಡ್ರೈವರ್ ಸೀಟಿಗೆ ಕೈಯಿಂದ ಎಳೆಯುವ ಸರಳಿಲ್ಲ. ಬದಿಯಲ್ಲಿ ಒಂದು ಸ್ವಿಚ್ ಇದೆ, ಒತ್ತಿದರೆ ಮೋಟಾರು ಓಡಿ ಸೀಟು ಹಿಂದೆ ಮುಂದೆ, ಮೇಲೆ ಕೆಳಗೆ ಹೋಗುತ್ತದೆ, ಬೆನ್ನು ಒರಗುತ್ತದೆ. ಅಮೆರಿಕದ ಕಾರುಗಳಲ್ಲಿ ಇಂಥ ಸೀಟು 1950ರ ದಶಕದಲ್ಲೇ ಇತ್ತು. ನಮ್ಮ ಕಡೆ ನಾವು ಕಂಡದ್ದು 2000ದ ಬಳಿಕ, ಅದೂ ದೊಡ್ಡ ಕಾರುಗಳಲ್ಲಿ. ಈಗ ಅವೆಲ್ಲ ಹಳೆಯದಾಗಿ, ಎರಡನೇ ಮೂರನೇ ಕೈ ದಾಟಿ ನಮ್ಮಂಥವರ ಅಂಗಳಕ್ಕೆ ಬಂದಿವೆ. ಆದ್ದರಿಂದ ಇದು ನಮ್ಮೊಬ್ಬರ ಕಥೆ ಆಗಿರಲಿಕ್ಕಿಲ್ಲ.

ನಮ್ಮ ಮನೆಯ ಯಜಮಾನರು ಐದಡಿ ಹನ್ನೊಂದಿಂಚು. ಯಜಮಾನಿ ಐದಡಿಗೆ ಎರಡಿಂಚು ಕಡಿಮೆ. ಅವರು ಕೂತರೆ ಸೀಟು ಪೂರ್ತಿ ಹಿಂದೆ, ಇವಳು ಕೂತರೆ ಪೂರ್ತಿ ಮುಂದೆ. ಸ್ವಿಚ್ ಇದ್ದದ್ದರಿಂದ ಅದೇನೂ ಕಷ್ಟವೆನಿಸಿರಲಿಲ್ಲ. ಕಷ್ಟ ಶುರುವಾದದ್ದು 2024ರ ಜುಲೈ ತಿಂಗಳ ಒಂದು ಗುರುವಾರ ಸಂಜೆ.

ಅತ್ತೆಯವರಿಗೆ ವಾರಕ್ಕೆರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಮಂಗಳೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ನಾವಿರುವುದು ಗಡಿಯ ಈಚೆ, ಉಪ್ಪಳದ ಹತ್ತಿರ. ತಲಪಾಡಿ ದಾಟಿ, ತೊಕ್ಕೊಟ್ಟು ದಾಟಿ ಹೋಗಬೇಕು. ಬಸ್ಸಿನಲ್ಲಿ ಹೋಗಬಹುದು, ಆದರೆ ನಾಲ್ಕು ಗಂಟೆ ಯಂತ್ರಕ್ಕೆ ಕೈಕೊಟ್ಟು ಮಲಗಿ ಎದ್ದವರನ್ನು ನಿಂತುಕೊಂಡು ಕರೆತರುವುದು ಹೇಗೆ? ಯಜಮಾನರು ಕೆಲಸದ ಮೇಲೆ ಹತ್ತು ದಿನಕ್ಕೆ ಕಣ್ಣೂರಿಗೆ ಹೋಗಿದ್ದರು. "ನೀನೇ ಕರೆದುಕೊಂಡು ಹೋಗಬೇಕು" ಎಂದು ಹೇಳಿಯೇ ಹೋಗಿದ್ದರು. ಅದಕ್ಕೆಂದೇ ಎರಡು ವರ್ಷದ ಹಿಂದೆ ಇವಳು ಡ್ರೈವಿಂಗ್ ಕಲಿತದ್ದು.

ಗುರುವಾರ ಸಂಜೆ ನಾಳೆಗೆ ತಯಾರಿ ಎಂದು ಕಾರಿನಲ್ಲಿ ಕೂತು ಸ್ವಿಚ್ ಒತ್ತಿದರೆ ಸದ್ದೇ ಇಲ್ಲ. ಸೀಟು ಯಜಮಾನರು ಬಿಟ್ಟುಹೋದಲ್ಲೇ, ತೀರ ಹಿಂದೆ. ಕಾಲು ಚಾಚಿದರೆ ಬ್ರೇಕಿಗೆ ಹೆಬ್ಬೆರಳ ತುದಿ ಮಾತ್ರ ಮುಟ್ಟುತ್ತಿತ್ತು.

ಮೊದಲು ಹೊಳೆದ ಉಪಾಯ ದಿಂಬು. ಎರಡು ದಿಂಬು ಬೆನ್ನಿಗೆ ಇಟ್ಟು ಕೂತಾಗ ಕಾಲು ಸಿಕ್ಕಿತು. ಸಮಸ್ಯೆ ಮುಗಿಯಿತು ಎಂದುಕೊಂಡೆವು. ಆದರೆ ನಿಂತ ಕಾರಿನಲ್ಲೇ ಒಮ್ಮೆ ಜೋರಾಗಿ ಬ್ರೇಕ್ ಒತ್ತಿ ನೋಡಿದಾಗ, ಪೆಡಲ್ ಕೆಳಗೆ ಹೋಗುವ ಬದಲು ಬೆನ್ನು ದಿಂಬಿನೊಳಗೆ ಹಿಂದಕ್ಕೆ ಹೋಯಿತು. ಬ್ರೇಕ್ ಅರ್ಧವೂ ಹಿಡಿಯಲಿಲ್ಲ. ಸೀಟಿನಲ್ಲಿ ಸರಿಯಾಗಿ ಒರಗಿ ಕೂತು ಬ್ರೇಕನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಎದೆಗೂ ಸ್ಟೀರಿಂಗಿನ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಬೇಕು ಎಂದು ಕಲಿತದ್ದು ನೆನಪಾಯಿತು. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಈ ಅಂತರ ಬಹಳ ಮುಖ್ಯ. ದಿಂಬು ಜಾರಿದರೆ ಇದೆಲ್ಲ ಕೆಡುತ್ತದೆ, ಸೀಟ್ ಬೆಲ್ಟ್ ಕೂಡ ಮೈಗೆ ಸರಿಯಾಗಿ ಕೂರುವುದಿಲ್ಲ. ಜಗಲಿಯಿಂದ ನೋಡುತ್ತಿದ್ದ ಅತ್ತೆ ಹೇಳಿದರು: "ಬೇಡ ಮಗಾ. ನನ್ನ ರಕ್ತ ಶುದ್ಧ ಮಾಡಿಸಲಿಕ್ಕೆ ಹೋಗಿ ಬೇರೆಯವರ ರಕ್ತ ಚೆಲ್ಲುವುದು ಬೇಡ. ಟ್ಯಾಕ್ಸಿಗೆ ಹೇಳು."

ಶುಕ್ರವಾರ ಟ್ಯಾಕ್ಸಿಯಲ್ಲೇ ಹೋಗಿ ಬಂದೆವು. ಕಾಯುವುದೂ ಸೇರಿ ಎರಡು ಸಾವಿರದ ಇನ್ನೂರು ರೂಪಾಯಿ. ತಿಂಗಳಿಗೆ ಎಂಟು ಸಲ ಎಂದರೆ ಎಷ್ಟಾಯಿತು ಎಂದು ಲೆಕ್ಕ ಹಾಕುವ ಧೈರ್ಯ ಆಗಲಿಲ್ಲ.

ಶನಿವಾರ ಪಕ್ಕದ ಮನೆಯ ಹುಡುಗನನ್ನು ಕರೆದು, ಅವನು ಉದ್ದ ಇರುವುದರಿಂದ, ಕಾರನ್ನು ಒಂದು ವರ್ಕ್‌ಶಾಪಿಗೆ ಕೊಂಡುಹೋದೆವು. ಅಲ್ಲಿಯವರು ಸ್ವಿಚ್ ಎರಡು ಸಲ ಒತ್ತಿದರು, ಕಿವಿ ಕೊಟ್ಟರು, "ಮೋಟಾರ್ ಹೋಗಿದೆ" ಎಂದರು. ಹಳೆಯ ಕಾರು, ಬಿಡಿಭಾಗ ಸಿಗುವುದಿಲ್ಲ, ಇಡೀ ಸೀಟು ಹೊರಗಿನಿಂದ ತರಿಸಬೇಕು, ಮೂವತ್ತೆಂಟು ಸಾವಿರ ಆಗಬಹುದು, ಮೂರು ವಾರ ಬೇಕು. ಅವರು ಸೀಟಿನ ಅಡಿಗೆ ಬಗ್ಗಿ ನೋಡಲೂ ಇಲ್ಲ.

ಅದೇ ರಾತ್ರಿ ಕಣ್ಣೂರಿಗೆ ಫೋನ್ ಮಾಡಿದೆವು. ಯಜಮಾನರು ಒಂದೇ ಪ್ರಶ್ನೆ ಕೇಳಿದರು: "ಹಿಂದೆ ಮುಂದೆ ಹೋಗುವುದಿಲ್ಲ, ಸರಿ. ಮೇಲೆ ಕೆಳಗೆ ಹೋಗ್ತದಾ? ಬೆನ್ನು ಒರಗ್ತದಾ?" ನೋಡಿದೆವು. ಯಾವುದೂ ಇಲ್ಲ. "ಹಾಗಾದರೆ ಒಳಗೆ ಮೂರು ಬೇರೆ ಬೇರೆ ಮೋಟಾರು ಉಂಟಲ್ಲ, ಮೂರೂ ಒಂದೇ ದಿನ ಸಾಯ್ತಾವಾ?"

ಓದುಗರೇ, ಈ ಇಡೀ ಲೇಖನದಲ್ಲಿ ನೀವು ನೆನಪಿಡಬೇಕಾದ ಮಾತು ಇದೊಂದೇ. ಒಂದು ಕೆಲಸ ಮಾತ್ರ ನಿಂತರೆ ಆ ಕೆಲಸದ ಮೋಟಾರು ಅಥವಾ ಸ್ವಿಚ್ಚಿನ ಆ ಭಾಗವನ್ನು ಅನುಮಾನಿಸಬಹುದು. ಎಲ್ಲವೂ ಒಟ್ಟಿಗೆ ನಿಂತರೆ, ಎಲ್ಲಕ್ಕೂ ಸಮಾನವಾದದ್ದು ಯಾವುದು ಎಂದು ಹುಡುಕಬೇಕು: ಬ್ಯಾಟರಿ, ಫ್ಯೂಸ್, ಸೀಟಿಗೆ ಬರುವ ತಂತಿ, ಸೀಟಿನಿಂದ ಹಿಂದಿರುಗುವ ಅರ್ತ್ ತಂತಿ.

ಭಾನುವಾರ ಪಕ್ಕದ ಮನೆಯ ಹುಡುಗ ಮಲ್ಟಿಮೀಟರ್ ತಂದ. ಅವನು ಡಿಪ್ಲೊಮಾ ಓದುತ್ತಿದ್ದಾನೆ. ಫ್ಯೂಸ್ ಸರಿಯಾಗಿತ್ತು. ಟಾರ್ಚ್ ಹಿಡಿದು ಸೀಟಿನಡಿ ಕಪ್ಲರಿನ ಕೆಂಪು ಮತ್ತು ಕಪ್ಪು ತಂತಿಗೆ ಮೀಟರಿನ ಮುಳ್ಳು ಹಿಡಿದ. ಹನ್ನೆರಡು ವೋಲ್ಟ್ ಚಿಲ್ಲರೆ ತೋರಿಸಿತು. "ಆಂಟಿ, ಕರೆಂಟ್ ಸರಿಯಾಗಿ ಬರ್ತಾ ಉಂಟು. ಹಾಗಾದರೆ ಮೋಟಾರೇ" ಎಂದು ಮುಖ ಸಣ್ಣ ಮಾಡಿದ. ಮೂವತ್ತೆಂಟು ಸಾವಿರ ಮತ್ತೆ ಕಣ್ಣೆದುರು ಬಂತು.

ಸೋಮವಾರ ಪೇಟೆಯ ಹಳೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ಹೇಳಿ ಕಳುಹಿಸಿದೆವು. ನಾವೆಲ್ಲ ಅವರನ್ನು ಕಾಕ ಎಂದೇ ಕರೆಯುವುದು. ಅವರ ಬಳಿ ಮೀಟರ್ ಇರಲಿಲ್ಲ. ಕಾರಿನ ಹಿಂದಿನ ದೀಪದ ಒಂದು ಬಲ್ಬು, ಅದಕ್ಕೆ ಬೆಸೆದ ಎರಡು ತಂತಿ, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ದಬ್ಬಳದಂಥ ಮುಳ್ಳು. ಅಷ್ಟೇ.

ಅವರು ಮೊದಲು ಮಾಡಿದ್ದು ಕೇಳುವ ಕೆಲಸ. "ಬಾಯಮ್ಮ, ನಿಲ್ಲುವ ಮೊದಲು ನಿಧಾನ ಆಗಿತ್ತಾ?" ಹೌದು, ಮಳೆ ಶುರುವಾದಾಗಿನಿಂದ ಸೀಟು ಸುಸ್ತಾದವರ ಹಾಗೆ ಚಲಿಸುತ್ತಿತ್ತು. ಒಂದೆರಡು ಸಲ ಮಧ್ಯದಲ್ಲಿ ನಿಂತು ಮತ್ತೆ ಹೋಗಿತ್ತು. ಹಳೆಯ ಕಾರಲ್ಲವೇ ಎಂದು ಸುಮ್ಮನಿದ್ದೆವು. "ಸ್ವಿಚ್ ಒತ್ತುವಾಗ ಒಳಗಿನ ದೀಪ ಮಂಕಾಗ್ತದಾ?" ಇಲ್ಲ. ಮಂಕಾದರೆ ಮೋಟಾರು ಕರೆಂಟ್ ಎಳೆಯುತ್ತಿದೆ, ಆದರೆ ಏನೋ ಅಡ್ಡ ಸಿಕ್ಕಿ ತಿರುಗುತ್ತಿಲ್ಲ ಎಂದು ಅರ್ಥವಂತೆ. ಮಂಕಾಗದಿದ್ದರೆ ಕರೆಂಟೇ ಹರಿಯುತ್ತಿಲ್ಲ.

ಆಮೇಲೆ ಸೀಟಿನ ಹಳಿಗಳನ್ನು ಟಾರ್ಚಿನಲ್ಲಿ ನೋಡಿದರು. ಒಂದು ರೂಪಾಯಿ ನಾಣ್ಯ, ಒಂದು ಪೆನ್ನಿನ ಮುಚ್ಚಳ, ಹುಣಸೆ ಮಿಠಾಯಿಯ ಕಾಗದ ಸಿಕ್ಕಿತು. ಯಾವುದೂ ಹಲ್ಲಿಗೆ ಸಿಕ್ಕಿಕೊಂಡಿರಲಿಲ್ಲ. ಎಷ್ಟೋ ಕಾರುಗಳಲ್ಲಿ ಇಷ್ಟೇ ಕಾರಣ ಇರುತ್ತದೆ ಎಂದರು. ಸೀಟಿನಡಿ ಹಳದಿ ಬಣ್ಣದ ಒಂದು ಕಪ್ಲರ್ ತೋರಿಸಿ, "ಇದು ಏರ್‌ಬ್ಯಾಗಿನದ್ದು. ಇದನ್ನು ಯಾರೂ ಮುಟ್ಟಬಾರದು" ಎಂದರು.

ಬಲ್ಬಿನ ಕ್ಲಿಪ್ಪನ್ನು ಬಾಗಿಲಿನ ಬಳಿ ಕಾರಿನ ಬಾಡಿಯ ಒಂದು ಶುದ್ಧವಾದ ಬೋಲ್ಟಿಗೆ ಸಿಕ್ಕಿಸಿ, ಮುಳ್ಳನ್ನು ಸೀಟಿನಡಿಯ ಕೆಂಪು ತಂತಿಗೆ ತಾಗಿಸಿದರು. ಬಲ್ಬು ಚೆನ್ನಾಗಿ ಉರಿಯಿತು. "ಬರುವ ದಾರಿ ಸರಿ ಉಂಟು." ಮುಳ್ಳನ್ನು ಅಲ್ಲೇ ಬಿಟ್ಟು ಕ್ಲಿಪ್ಪನ್ನು ಬೋಲ್ಟಿನಿಂದ ತೆಗೆದು ಸೀಟಿನ ಕಪ್ಪು ತಂತಿಗೆ ಹಾಕಿದರು. ಬಲ್ಬಿನೊಳಗೆ ಕೆಂಪು ಎಳೆಯೊಂದು ಮಿಣುಕಿತು, ಅಷ್ಟೇ. "ಹೋಗುವ ದಾರಿ ಇಲ್ಲ. ಅರ್ತ್ ಹೋಗಿದೆ."

ಹುಡುಗನಿಗೆ ಆಶ್ಚರ್ಯ. ಮೀಟರ್ ಹನ್ನೆರಡು ತೋರಿಸಿತಲ್ಲ? ಕಾಕ ಬಾವಿಯ ಪೈಪಿನ ಉದಾಹರಣೆ ಕೊಟ್ಟರು. ಪೈಪಿನೊಳಗೆ ಪಾಚಿ ಕಟ್ಟಿದ್ದರೂ ನಲ್ಲಿಯ ಕೆಳಗೆ ಲೋಟ ಹಿಡಿದರೆ ಲೋಟ ತುಂಬುತ್ತದೆ. ಕೊಡ ಹಿಡಿದಾಗಲೇ ನೀರು ಸಾಲದು ಎಂದು ತಿಳಿಯುವುದು. ಮೀಟರ್ ಎಳೆಯುವುದು ಹನಿಯಷ್ಟು ಕರೆಂಟ್, ತುಕ್ಕು ಹಿಡಿದ ದಾರಿಯಲ್ಲೂ ಅಷ್ಟು ಹಾದುಬರುತ್ತದೆ. ಬಲ್ಬಿಗೆ ಹೆಚ್ಚು ಬೇಕು, ಮೋಟಾರಿಗಂತೂ ಹಲವು ಆಂಪಿಯರ್ ಬೇಕು. ಆದ್ದರಿಂದ ಮೀಟರಿನಲ್ಲಿ ನೋಡುವುದಾದರೆ ಒಬ್ಬರು ಸ್ವಿಚ್ ಒತ್ತಿ ಹಿಡಿದಿರುವಾಗಲೇ ನೋಡಬೇಕು. ಆಗ ಹನ್ನೆರಡು ಇದ್ದದ್ದು ಎರಡಕ್ಕೋ ಮೂರಕ್ಕೋ ಬಿದ್ದರೆ ದಾರಿಯಲ್ಲಿ ಎಲ್ಲೋ ತೊಡಕಿದೆ ಎಂದರ್ಥ. ಹುಡುಗ ಅಲ್ಲೇ ಹಾಗೆ ಮಾಡಿ ನೋಡಿದ. ಬಿದ್ದೇ ಹೋಯಿತು.

ಮತ್ತೆ ಕಾಕ ಒಂದು ದಪ್ಪ ತಂತಿಯನ್ನು ಸೀಟಿನ ಕಪ್ಪು ತಂತಿಯಿಂದ ಬಾಡಿಯ ಆ ಬೋಲ್ಟಿಗೆ ತಾತ್ಕಾಲಿಕವಾಗಿ ಸೇರಿಸಿ, "ಈಗ ಒತ್ತಿ ಬಾಯಮ್ಮ" ಎಂದರು. ಗುರ್ ಎಂದು ಸದ್ದು ಬಂತು. ಸೀಟು ಮುಂದಕ್ಕೆ ಬಂತು. ಮೂರು ಮೋಟಾರೂ ಜೀವಂತ ಇದ್ದವು.

ಸೀಟಿನ ಅರ್ತ್ ಬೋಲ್ಟ್ ಇದ್ದದ್ದು ನೆಲದಲ್ಲಿ, ಕಾರ್ಪೆಟ್ ಅಡಿ. ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿದರು. ಏರ್‌ಬ್ಯಾಗಿನ ತಂತಿ ಪಕ್ಕದಲ್ಲೇ ಇದ್ದುದರಿಂದ ಹತ್ತು ನಿಮಿಷ ಚಹಾ ಕುಡಿಯುತ್ತ ಕಾದರು. ಆಮೇಲೆ ಕಾರ್ಪೆಟ್ ಎತ್ತಿದರೆ ಅಡಿಯ ಸ್ಪಂಜಿನಿಂದ ಹಿಂಡುವಷ್ಟು ನೀರು! ಬೋಲ್ಟಿನ ಸುತ್ತ ಕೆಂಪು ತುಕ್ಕು, ತಂತಿಯ ತುದಿಯ ಬಳೆಯಲ್ಲಿ ಹಸಿರು ಪುಡಿ.

"ಮಳೆನೀರು ಎಲ್ಲಿಂದ ಬಂತು?" ಎಂದು ಕಾಕ ಬಾಗಿಲಿನ ರಬ್ಬರ್ ನೋಡಿದರು, ಏಸಿಯ ನೀರು ಹೊರಹೋಗುವ ಕೊಳವೆ ನೋಡಿದರು. ಎರಡೂ ಸರಿಯಾಗಿದ್ದವು. ಆಗ ಅತ್ತೆ ಜಗಲಿಯಿಂದ ಮೆಲ್ಲನೆ ಹೇಳಿದರು: "ಕೊಡೆ."

ನಿಜ. ಪ್ರತಿ ಮಂಗಳವಾರ, ಪ್ರತಿ ಶುಕ್ರವಾರ, ಆಸ್ಪತ್ರೆಯ ಬಾಗಿಲಿನಿಂದ ಕಾರಿನವರೆಗೆ ಅತ್ತೆಗೆ ಕೊಡೆ ಹಿಡಿದು ಬಂದು, ನೀರು ತೊಟ್ಟಿಕ್ಕುವ ಎರಡು ಕೊಡೆಗಳನ್ನು ನಾವು ಇಡುತ್ತಿದ್ದುದು ಡ್ರೈವರ್ ಸೀಟಿನ ಹಿಂದೆ, ನೆಲದ ಮೇಲೆ. ಎಷ್ಟು ಮಳೆಗಾಲಗಳಿಂದ! ವರ್ಕ್‌ಶಾಪಿನವರನ್ನು ಮೂರು ದಿನ ಬೈದುಕೊಂಡಿದ್ದ ನಮಗೆ ಆಗ ಮಾತು ಹೊರಡಲಿಲ್ಲ. ಅವರು ನೋಡದೆ ಹೇಳಿದರು, ನಾವು ನೋಡದೆ ಇಟ್ಟೆವು.

ಕಾಕ ಬೋಲ್ಟ್ ಬಿಚ್ಚಿ, ಮರಳು ಕಾಗದದಿಂದ ನೆಲದ ತಗಡನ್ನು ಹೊಳೆಯುವವರೆಗೆ ಉಜ್ಜಿ, ತಂತಿಯ ತುದಿಗೆ ಹೊಸ ಬಳೆ ಹಾಕಿ ಬಿಗಿಮಾಡಿ, ಮೇಲೆ ಗ್ರೀಸ್ ಸವರಿದರು. ಸ್ಪಂಜನ್ನು ಹಿಂಡಿ, ಕಾರ್ಪೆಟ್ ಎತ್ತಿಟ್ಟು ರಾತ್ರಿಯಿಡೀ ಫ್ಯಾನ್ ಹಾಕಿ ಒಣಗಿಸಲು ಹೇಳಿದರು. ಇದು ಮಾಡದಿದ್ದರೆ ಮುಂದಿನ ವರ್ಷ ಇದೇ ಕಥೆ. ಅವರು ಕೇಳಿದ್ದು ಮುನ್ನೂರು ರೂಪಾಯಿ. ಐನೂರು ಕೊಟ್ಟರೆ ಇನ್ನೂರು ಹಿಂದೆ ಕೊಟ್ಟರು.

ನಿಮ್ಮ ಕಾರಿನಲ್ಲಿ ಇದೇ ಕಾರಣ ಇರಬೇಕೆಂದಿಲ್ಲ. ಅಂದು ಕಾಕ ಹೇಳಿದ, ನಾವು ಬರೆದಿಟ್ಟುಕೊಂಡ ಕೆಲವು ಮಾತುಗಳು ಇಲ್ಲಿವೆ.

ಕೆಲವು ಕಾರುಗಳಲ್ಲಿ ಕೀಲಿ ತಿರುಗಿಸಿದರೆ ಮಾತ್ರ ಸೀಟು ಚಲಿಸುತ್ತದೆ, ಕೆಲವದರಲ್ಲಿ ಕೀಲಿ ಇಲ್ಲದೆಯೂ ಚಲಿಸುತ್ತದೆ. ನಿಮ್ಮದು ಯಾವ ಜಾತಿ ಎಂದು ತಿಳಿದಿರಲಿ. ಬ್ಯಾಟರಿ ಸೋತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಫ್ಯೂಸ್ ಎಲ್ಲಿದೆ ಎಂದು ಕಾರಿನ ಕೈಪಿಡಿಯಲ್ಲಿ ನೋಡಿ. ಡ್ಯಾಶ್‌ಬೋರ್ಡಿನ ಅಡಿಯಲ್ಲೂ ಇರಬಹುದು, ಬಾನೆಟ್ಟಿನ ಒಳಗೂ ಇರಬಹುದು. ಸುಟ್ಟಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಿ. ದೊಡ್ಡದನ್ನು ಹಾಕಬೇಡಿ, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಲೇಬೇಡಿ. ಫ್ಯೂಸ್ ಸುಡದೆ ಸೀಟಿನಡಿಯ ತಂತಿ ಸುಟ್ಟರೆ ಕಾರಿಗೇ ಬೆಂಕಿ ಹತ್ತೀತು. ಹೊಸ ಫ್ಯೂಸ್ ಮತ್ತೆ ಸುಟ್ಟರೆ ಮೂರನೆಯದನ್ನು ಹಾಕದೆ ಎಲೆಕ್ಟ್ರಿಷಿಯನ್ನರಿಗೆ ತೋರಿಸಿ. ಕೆಲವು ಕಾರುಗಳಲ್ಲಿ ಫ್ಯೂಸಿನ ಬದಲು ಬಿಸಿಯಾದಾಗ ತಾನಾಗಿ ಕಡಿದುಕೊಂಡು, ತಣಿದಾಗ ತಾನಾಗಿ ಸೇರಿಕೊಳ್ಳುವ ಬ್ರೇಕರ್ ಇರುತ್ತದೆ. ಸೀಟು ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನೇ ಸರಿಯಾದರೆ ಅದನ್ನು ನೆನಪಿಸಿಕೊಳ್ಳಿ. ಹಳಿಯಲ್ಲಿ ಏನೋ ಬಿಗಿಯಾಗಿರಬಹುದು.

ಸೀಟು ಮುಂದೆ ಹೋಗುತ್ತದೆ, ಹಿಂದೆ ಹೋಗುವುದಿಲ್ಲ ಎಂದಾದರೆ ಮೋಟಾರು ಬದಲಿಸಲು ಒಪ್ಪಬೇಡಿ. ಒಂದು ಕಡೆ ತಿರುಗುವ ಮೋಟಾರು ಇನ್ನೊಂದು ಕಡೆಗೂ ತಿರುಗಬಲ್ಲದು. ಸ್ವಿಚ್ ಮಾಡುವ ಕೆಲಸವೇ ಮೋಟಾರಿನ ಎರಡು ತಂತಿಗಳನ್ನು ಅದಲು ಬದಲು ಮಾಡುವುದು. ಆದ್ದರಿಂದ ಅಡ್ಡ ಏನೂ ಇಲ್ಲದಿದ್ದರೆ ದೋಷ ಹೆಚ್ಚಾಗಿ ಸ್ವಿಚ್ಚಿನೊಳಗಿನ ಕಾಂಟ್ಯಾಕ್ಟಿನಲ್ಲಿ. ಸ್ವಿಚ್ ಇರುವುದು ಚಹಾ ಚೆಲ್ಲುವ, ಮಳೆನೀರು ಬೀಳುವ ಜಾಗದಲ್ಲೇ ಅಲ್ಲವೇ?

ಮೋಟಾರಿನ ಸದ್ದು ಬರುತ್ತದೆ, ಸೀಟು ಅಲುಗುವುದಿಲ್ಲ ಎಂದಾದರೆ ಕರೆಂಟಿನ ಕಡೆ ಹೆಚ್ಚು ಹುಡುಕಬೇಕಾಗಿಲ್ಲ. ಒಳಗಿನ ಹಲ್ಲಿನ ಚಕ್ರ ಸವೆದಿರಬಹುದು, ಅಥವಾ ಮೋಟಾರಿನಿಂದ ಹಳಿಗೆ ತಿರುವು ಕೊಂಡೊಯ್ಯುವ ಕೇಬಲ್ ಜಾರಿರಬಹುದು. ಸೀಟು ಒಂದು ಬದಿ ಮಾತ್ರ ಮುಂದೆ ಹೋಗಿ ಓರೆಯಾದರೆ ಒತ್ತುವುದನ್ನು ಕೂಡಲೇ ನಿಲ್ಲಿಸಿ.

ಸೀಟನ್ನೇ ಬಿಚ್ಚಬೇಕಾಗಿ ಬಂದರೆ ಅದು ಮನೆಯ ಕೆಲಸವಲ್ಲ. ಏರ್‌ಬ್ಯಾಗಿನ ತಂತಿ ಬಿಚ್ಚಿಟ್ಟು ಕೀಲಿ ತಿರುಗಿಸಿದರೆ ಎಚ್ಚರಿಕೆ ದೀಪ ಉರಿದು ಹಾಗೇ ಉಳಿಯುತ್ತದೆ. ಬ್ಯಾಟರಿ ಬಿಚ್ಚುವ ಮೊದಲು ರೇಡಿಯೋಗೆ ಕೋಡ್ ಬೇಕಾಗುತ್ತದೆಯೇ ಎಂದೂ ನೋಡಿಕೊಳ್ಳಿ. ಪರೀಕ್ಷೆ ಮಾಡುವಾಗ ಮಕ್ಕಳನ್ನು ಹತ್ತಿರ ಬಿಡಬೇಡಿ. ಸತ್ತಿದೆ ಎಂದುಕೊಂಡ ಸೀಟು ಹಠಾತ್ತನೆ ಚಲಿಸಿದರೆ ಅಡಿಯಲ್ಲಿರುವ ಬೆರಳು ಉಳಿಯುವುದಿಲ್ಲ.

ಮಂಗಳವಾರ ಬೆಳಿಗ್ಗೆ ಐದೂವರೆಗೆ ಕಾರು ಹೊರಟಿತು. ಸೀಟು ಇವಳ ಅಳತೆಗೆ ಮುಂದೆ ಬಂದಿತ್ತು, ಬ್ರೇಕ್ ತಳದವರೆಗೆ ಸಿಗುತ್ತಿತ್ತು. ತಲಪಾಡಿ ದಾಟುವಾಗ ಅತ್ತೆ ತಮ್ಮ ಎಡಗೈಯನ್ನು ಬಲಗೈಯ ಬೆರಳುಗಳಿಂದ ಮುಟ್ಟಿ ನೋಡುತ್ತಿದ್ದರು. ಡಯಾಲಿಸಿಸ್‌ಗೆಂದು ಅವರ ಕೈಯಲ್ಲಿ ರಕ್ತನಾಳ ಜೋಡಿಸಿದ ಜಾಗ ಅದು. ಅಲ್ಲಿ ರಕ್ತ ಹರಿಯುವ ಸಣ್ಣ ಕಂಪನ ದಿನಾ ಬೆರಳಿಗೆ ತಿಳಿಯಬೇಕು, ತಿಳಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಹೇಳಬೇಕು ಎಂದು ಸಿಸ್ಟರ್‌ಗಳು ಕಲಿಸಿದ್ದಾರೆ. "ನಿನ್ನ ಕಾಕನೂ ಇದನ್ನೇ ಮಾಡಿದ್ದು ಮಗಾ" ಎಂದರು ಅತ್ತೆ. "ಅಲ್ಲಿಯೂ ಸೂಜಿ ಹಾಕುವ ಮೊದಲು ಕೈ ಮುಟ್ಟಿ ನೋಡ್ತಾರೆ. ಮುಟ್ಟದೆ ಯಾರೂ ಏನೂ ಹೇಳುವುದಿಲ್ಲ."

ನಮ್ಮ ಮನೆಯಲ್ಲಿ ಈಗ ಎರಡು ನಿಯಮಗಳು. ಒದ್ದೆ ಕೊಡೆಗಳಿಗೆ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇದೆ. ಇನ್ನೊಂದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ಯಜಮಾನರು ಕಾರು ನಿಲ್ಲಿಸಿ ಇಳಿಯುವ ಮೊದಲು, ತಮ್ಮ ಮೊಣಕಾಲು ಸ್ಟೀರಿಂಗಿಗೆ ತಾಗುವವರೆಗೆ ಸೀಟನ್ನು ಮುಂದೆ ತಂದು, ಮತ್ತೆ ಹೇಗೋ ಮೈ ಮುದುಡಿಕೊಂಡು ಹೊರಗೆ ಬರುತ್ತಾರೆ. ಇನ್ನೊಮ್ಮೆ ಕೆಟ್ಟರೂ ಇವಳ ಕಾಲು ಬ್ರೇಕಿಗೆ ಸಿಗಲಿ ಎಂದು.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ. ಅಷ್ಟರೊಳಗೆ ನಿಮ್ಮ ಕಾರಿನ ಕಾರ್ಪೆಟ್ ಒಮ್ಮೆ ಕೈಯಿಂದ ಒತ್ತಿ ನೋಡಿ. ಒದ್ದೆ ಇದ್ದರೆ ಇಂದೇ ಒಣಗಿಸಿ.